ಸ್ಕಲ್ಪಿನ್ ಮತ್ತು ಸೇಲ್‌ಫಿಷ್ ಜಲಾಂತರ್ಗಾಮಿಗಳ ವೃತ್ತಾಂತ

ಎರಡನೆಯ ಮಹಾಯುದ್ಧದಲ್ಲಿ ಶಾಂತಸಾಗರದ ಮೇಲೆ ನಡೆದ ಕದನಗಳ ಕಥೆ ಬಹುಮಟ್ಟಿಗೆ ದೊಡ್ಡ ಹಡಗುಗಳ ಕಥೆಯಾಗಿಯೇ ಪ್ರಸಿದ್ಧವಾಗಿದೆ. ಆದರೆ ಆ ಯುದ್ಧದಲ್ಲಿ ಮುಳುಗಿಹೋದ ಜಪಾನಿನ ವ್ಯಾಪಾರ ನೌಕೆಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಅಮೆರಿಕಾದ ಜಲಾಂತರ್ಗಾಮಿಗಳಿಗೆ ಬಲಿಯಾದುವು. ಈ ದಳದಲ್ಲಿ ಸೇವೆ ಮಾಡಿದವರು ಅಮೆರಿಕಾದ ನೌಕಾಬಲದಲ್ಲಿ ನೂರಕ್ಕೆ ಇಬ್ಬರಿಗಿಂತಲೂ ಕಡಮೆ. ಅವರು ತೆತ್ತ ಬೆಲೆಯೂ ಅಲ್ಪವಲ್ಲ. 52 ನೌಕೆಗಳೂ ಸುಮಾರು 3,500 ಮಂದಿ ಯೋಧರೂ ಹಿಂದಿರುಗಲಿಲ್ಲ. ಹೀಗೆ ಸೇವೆ ಸಲ್ಲಿಸಿದ ನೌಕೆಗಳ ಪೈಕಿ ಎರಡರ ಚರಿತ್ರೆ ಒಂದಕ್ಕೊಂದು ಹೆಣೆದುಕೊಂಡು, ಯುದ್ಧವೆಂಬುದರ ಸ್ವರೂಪವನ್ನೇ ತೋರಿಸುವಂತಿದೆ.

ಅಮೆರಿಕಾದವರು ಆಗ ತಮ್ಮ ಜಲಾಂತರ್ಗಾಮಿಗಳಿಗೆ ಮೀನುಗಳ ಹೆಸರನ್ನಿಡುತ್ತಿದ್ದರು. ಪೋರ್ಟ್ಸ್‌ಮತ್ ನೌಕಾಂಗಣದಲ್ಲಿ ಒಂದೇ ಮಾದರಿಯಲ್ಲಿ ನಿರ್ಮಿತವಾದ ಸ್ಕಲ್ಪಿನ್ ಮತ್ತು ಸ್ಕ್ವಾಲಸ್ ಎಂಬ ಸೋದರ ನೌಕೆಗಳು 1939ರ ಜನವರಿ ಮತ್ತು ಮಾರ್ಚಿ ತಿಂಗಳುಗಳಲ್ಲಿ ಸೇವೆಗೆ ಸೇರಿದುವು. ನೌಕಾಬಲದ ಪಟ್ಟಿಯಲ್ಲಿ ಅವುಗಳ ಸಂಖ್ಯೆ 191 ಮತ್ತು 192.

ಜಲಾಂತರ್ಗಾಮಿಯು ನೀರಿನ ಮೇಲೆ ಡೀಸೆಲ್ ಯಂತ್ರಗಳಿಂದಲೂ, ಒಳಗೆ ವಿದ್ಯುಚ್ಛಕ್ತಿಯಿಂದಲೂ ಚಲಿಸುವುದು. ಡೀಸೆಲ್ ಯಂತ್ರಗಳಿಗೆ ಬೇಕಾದ ಗಾಳಿಯನ್ನು ಒಳಗೆ ಬಿಡಲು ಮೇಲ್ಗಡೆ ಒಂದು ದೊಡ್ಡ ಕವಾಟವಿರುವುದು. ಮುಳುಗುವ ಮುನ್ನ ಅದನ್ನು ಮುಚ್ಚದಿದ್ದರೆ ಗಾಳಿಯ ದಾರಿಯೇ ನೀರಿನ ದಾರಿಯಾಗುವುದು. 1939ರ ಮೇ 23ರ ಬೆಳಗ್ಗೆ, ಐಲ್ಸ್ ಆಫ್ ಶೋಲ್ಸ್ ದ್ವೀಪಗಳ ಬಳಿ ಸ್ಕ್ವಾಲಸ್ ಪರೀಕ್ಷಾರ್ಥವಾಗಿ ಮುಳುಗಿದಾಗ ನಡೆದುದು ಇದೇ. ಎಲ್ಲ ಕವಾಟಗಳೂ ಮುಚ್ಚಿವೆಯೆಂದು ಸೂಚಕ ದೀಪಗಳು ಹಸುರಾಗಿ ತೋರಿಸುತ್ತಿದ್ದುವು. ಆದರೂ ಯಂತ್ರಗಳ ಕೋಣೆಗೆ ಸಮುದ್ರವೇ ನುಗ್ಗಿತು. ನಡುವಿನ ಬಾಗಿಲನ್ನು ಕಾಯುತ್ತಿದ್ದ ನಾವಿಕನೊಬ್ಬನು ಓಡಿಬರುತ್ತಿದ್ದವರು ದಾಟುವವರೆಗೂ ಅದನ್ನು ತೆರೆದು ಹಿಡಿದಿದ್ದು, ಅನಂತರ ತನ್ನ ಬಲವನ್ನೆಲ್ಲಾ ಬಿಟ್ಟು ಮುಚ್ಚಿದನು. ಅದರಾಚೆ ಉಳಿದ 26 ಮಂದಿ ಮೃತಿ ಹೊಂದಿದರು. ಈಚೆ ಉಳಿದ 33 ಮಂದಿ, ತಮ್ಮ ನಾಯಕ ಆಲಿವರ್ ನಾಕ್ವಿನ್ನನೊಡನೆ, ಸುಮಾರು 40 ಮಾರು ಆಳದಲ್ಲಿ ಕತ್ತಲೆಯಲ್ಲಿಯೂ ಕೊರೆಯುವ ಚಳಿಯಲ್ಲಿಯೂ ಕಾದು ಕುಳಿತರು.

ಅವರನ್ನು ಮೊದಲು ಹುಡುಕಿ ಕಂಡದ್ದು ಸ್ಕಲ್ಪಿನ್. ಅದೇ ದಿನ ಆ ನೌಕೆ ದೂರಪ್ರಯಾಣಕ್ಕೆ ಹೊರಡುವುದರಲ್ಲಿದ್ದಿತು. ಸೋದರ ನೌಕೆಯ ಸುದ್ದಿಯಿಲ್ಲವೆಂದು ತಿಳಿದೊಡನೆ ಅದನ್ನು ಅತ್ತ ಕಳುಹಿಸಲಾಯಿತು. ಮುಳುಗಿದವರು ಮೇಲಕ್ಕೆ ಹಾರಿಸಿದ ಹೊಗೆಬಾಣದ ಕೆಂಪು ಛಾಯೆ ಸ್ಕಲ್ಪಿನ್ನಿನ ಮೇಲಿದ್ದವರ ಕಣ್ಣಿಗೆ ಬಿದ್ದಿತು. ಬಳಿಯಲ್ಲಿಯೇ ತೇಲುತ್ತಿದ್ದ ಬುರುಡೆಯಲ್ಲಿ ಟೆಲಿಫೋನು ಇದ್ದಿತು. ಮೇಲಿನವರೂ ಕೆಳಗಿನವರೂ ಕೆಲವು ಮಾತುಗಳನ್ನಾಡುವಷ್ಟರಲ್ಲಿ ಅಲೆಯ ಸೆಳೆತಕ್ಕೆ ತಂತಿ ಕಡಿದುಹೋಯಿತು. ಆದರೆ ಅವರಿರುವ ಸ್ಥಳವು ತಿಳಿದುಹೋಗಿದ್ದಿತು.

ಮರುದಿನ ಫಾಲ್ಕನ್ ಎಂಬ ನೌಕೆಯು ಗಂಟೆಯಾಕಾರದ ಒಂದು ಉಕ್ಕಿನ ಕೋಣೆಯನ್ನು ತಂದಿತು. ಚಾರ್ಲ್ಸ್ ಮಾಮ್‌ಸೆನ್ ಮತ್ತು ಆಲನ್ ಮೆಕಾನ್ ಎಂಬ ಅಧಿಕಾರಿಗಳ ಪ್ರಯತ್ನದಿಂದ ಸಿದ್ಧವಾದ ಈ ಸಾಧನವು ಅದುವರೆಗೆ ನಿಜವಾದ ಅಪಘಾತದಲ್ಲಿ ಪ್ರಯೋಗವಾಗಿರಲಿಲ್ಲ. ಅದನ್ನು ನಾಲ್ಕು ಸಲ ಕೆಳಕ್ಕಿಳಿಸಿ, ಕ್ರಮವಾಗಿ 7, 9, 9 ಮತ್ತು 8 ಜನರನ್ನು ಮೇಲೆ ತಂದರು. ಕಡೆಯ ಸರತಿಯಲ್ಲಿ ಹಗ್ಗ ಸಿಕ್ಕಿಕೊಂಡು, ಮಧ್ಯರಾತ್ರಿ ಮೀರಿದ ಮೇಲೆ, ಕೈಯಿಂದಲೇ ಎಳೆದು ಕೋಣೆಯನ್ನು ಎತ್ತಬೇಕಾಯಿತು. ಮುಳುಗಿದ ಜಲಾಂತರ್ಗಾಮಿಯಿಂದ ಇಷ್ಟು ಆಳದಲ್ಲಿ ಇಷ್ಟು ಜನರನ್ನು ಉಳಿಸಿದ ದೃಷ್ಟಾಂತವು ಅದಕ್ಕೆ ಮುಂಚೆ ಇರಲಿಲ್ಲ.

ನೌಕೆಯನ್ನೂ ಕಡಲು ಸುಲಭವಾಗಿ ಬಿಟ್ಟುಕೊಡಲಿಲ್ಲ. ಜುಲೈಯಲ್ಲಿ ಒಮ್ಮೆ ಅದರ ಮೂತಿ ನೀರಿನಿಂದ ಚಿಮ್ಮಿ ಮೇಲೆ ಬಂದು ಮತ್ತೆ ತಳ ಸೇರಿತು. ಕಡೆಗೆ ಸೆಪ್ಟೆಂಬರ್ 13ರಂದು ಅದನ್ನು ಬಂದರಿಗೆ ಎಳೆದು ತಂದರು. ಅದನ್ನು ದುರಸ್ತು ಮಾಡಿ, ಹೆಸರು ಬದಲಾಯಿಸಿ, 1940ರ ಮೇ 15ರಂದು ಸೇಲ್‌ಫಿಷ್ ಎಂಬ ಹೊಸ ಹೆಸರಿನಿಂದ ಪುನಃ ಸೇವೆಗೆ ಸೇರಿಸಿದರು. ನಾವಿಕರಾದರೋ ಹಳೆಯದನ್ನು ಮರೆಯದೆ, ಎರಡು ಹೆಸರುಗಳನ್ನೂ ಕೂಡಿಸಿ ಅದನ್ನು ಸ್ಕ್ವೇಲ್‌ಫಿಷ್ ಎಂದು ಕರೆಯುತ್ತಿದ್ದರು.

1941ರ ಡಿಸೆಂಬರಿನಲ್ಲಿ ಜಪಾನಿನೊಡನೆ ಯುದ್ಧವು ಆರಂಭವಾದಾಗ ಎರಡು ನೌಕೆಗಳೂ ಫಿಲಿಪ್ಪೀನ್ ದ್ವೀಪಗಳ ಮನಿಲಾದಲ್ಲಿ ನೆಲೆಸಿದ್ದುವು. ಮೊದಲ ಎರಡು ವರ್ಷಗಳು ಅವುಗಳ ಪಾಲಿಗೆ ಕಷ್ಟದ ಕಾಲ. ಅಮೆರಿಕಾದ ಟಾರ್ಪೆಡೊಗಳು ಗುರಿಯ ಅಡಿಯಲ್ಲಿ ಹಾದುಹೋಗುತ್ತಲೂ, ತಗಲಿದರೂ ಸಿಡಿಯದೆಯೂ ಇದ್ದ ದಿನಗಳವು. ದೋಷವೇನೆಂದು ಕಂಡು ತಿದ್ದುವ ವೇಳೆಗೆ 1943ರ ಬಹುಭಾಗ ಕಳೆದುಹೋಗಿದ್ದಿತು.

ಆ ವರ್ಷದ ನವೆಂಬರ್ 5ರಂದು ಸ್ಕಲ್ಪಿನ್ ತನ್ನ ಒಂಬತ್ತನೆಯ ಯುದ್ಧಯಾತ್ರೆಗೆ ಪರ್ಲ್ ಹಾರ್ಬರಿನಿಂದ ಹೊರಟಿತು. ಫ್ರೆಡ್ ಕಾನವೇ ಅದರ ನಾಯಕ. ಅದರಲ್ಲಿ ಜಾನ್ ಕ್ರಾಮ್‌ವೆಲ್ ಎಂಬ ಹಿರಿಯ ಅಧಿಕಾರಿಯೂ ಇದ್ದನು. ಅಗತ್ಯಬಿದ್ದರೆ ಹಲವು ಜಲಾಂತರ್ಗಾಮಿಗಳನ್ನು ಒಟ್ಟುಗೂಡಿಸಿ ನಡೆಸುವುದು ಅವನ ಕಾರ್ಯ. ಅವನಿಗೆ ಎರಡು ರಹಸ್ಯಗಳು ತಿಳಿದಿದ್ದುವು. ಗಿಲ್ಬರ್ಟ್ ದ್ವೀಪಗಳ ಮೇಲೆ ಅಮೆರಿಕಾದ ದಂಡು ಸದ್ಯದಲ್ಲೇ ಇಳಿಯಲಿದೆ ಎಂಬುದು ಒಂದು. ಜಪಾನೀ ನೌಕಾಬಲದ ಸಂಕೇತಲಿಪಿಯನ್ನು ಅಮೆರಿಕನರು ಓದುತ್ತಿದ್ದಾರೆ ಎಂಬುದು ಇನ್ನೊಂದು.

ನವೆಂಬರ್ 19ರಂದು, ಜಪಾನೀಯರ ದೊಡ್ಡ ನೆಲೆಯಾಗಿದ್ದ ಟ್ರುಕ್ ದ್ವೀಪಸಮೂಹದ ಹೊರಗೆ, ಸ್ಕಲ್ಪಿನ್ ಒಂದು ಹಡಗುತಂಡವನ್ನು ಬೆನ್ನಟ್ಟಿ ಶತ್ರುವಿನ ಕಣ್ಣಿಗೆ ಬಿದ್ದಿತು. ಹಿಂದುಳಿದು ಹೊಂಚುಹಾಕಿದ್ದ ಯಾಮಾಗುಮೊ ಎಂಬ ವಿಧ್ವಂಸಕ ನೌಕೆಯು ನೀರಿನೊಳಗೆ ಸಿಡಿಯುವ ಬಾಂಬುಗಳಿಂದ ಅದನ್ನು ಗಂಟೆಗಟ್ಟಲೆ ಜರ್ಝರಿತಗೊಳಿಸಿತು. ಆಳವನ್ನು ತೋರಿಸುವ ಮಾಪಕದ ಮುಳ್ಳು 125 ಅಡಿಯಲ್ಲಿಯೇ ನಿಂತುಬಿಟ್ಟಿದ್ದಿತು. ಅದನ್ನು ನಂಬಿ ನೌಕೆಯನ್ನು ಮೇಲೇರಿಸುತ್ತಿರಲು, ಅದು ಒಮ್ಮೆಲೇ ಶತ್ರುವಿನ ಎದುರಿಗೆ ನೀರಿನ ಮೇಲೆ ಕಾಣಿಸಿಕೊಂಡಿತು. ಇನ್ನು ಉಳಿಗಾಲವಿಲ್ಲವೆಂದು ಕಂಡ ಕಾನವೇ ಮೇಲೆ ಬಂದು ಫಿರಂಗಿಯಿಂದ ಹೋರಾಡುವ ನಿರ್ಧಾರ ಮಾಡಿದನು. ಅಸಮಾನವಾದ ಆ ಕಾಳಗದಲ್ಲಿ ಅವನೂ ಅವನ ಮುಖ್ಯ ಸಹಾಯಕರೂ ಮಡಿದರು. ಉಳಿದವರಲ್ಲಿ ಹಿರಿಯನಾದ ಜಾರ್ಜ್ ಬ್ರೌನ್ ನೌಕೆಯನ್ನು ಮುಳುಗಿಸುವಂತೆಯೂ, ಜನರು ನೀರಿಗೆ ಧುಮುಕುವಂತೆಯೂ ಆಜ್ಞೆಯಿತ್ತನು.

ಆಗ ಕ್ರಾಮ್‌ವೆಲ್ ಹೊರಬರಲಿಲ್ಲ. ತಾನು ಸೆರೆಸಿಕ್ಕಿದರೆ, ಚಿತ್ರಹಿಂಸೆಯಲ್ಲಿ ತನ್ನ ಬಾಯಿಂದ ಏನು ಹೊರಬಿದ್ದೀತೋ ಎಂಬ ಶಂಕೆ ಅವನಿಗಿದ್ದಿತು. ಆದುದರಿಂದ ಬದುಕುವ ಅವಕಾಶವಿದ್ದರೂ ಅವನು ನೌಕೆಯೊಡನೆಯೇ ಮುಳುಗಿದನು. ಮರುದಿನವೇ ಗಿಲ್ಬರ್ಟ್ ದ್ವೀಪಗಳಲ್ಲಿ ದಂಡು ಇಳಿಯಿತು. ರಹಸ್ಯವು ರಹಸ್ಯವಾಗಿಯೇ ಉಳಿಯಿತು. ಅವನ ಕೃತ್ಯವು ಯುದ್ಧಾನಂತರ, ಬದುಕಿಬಂದವರ ಬಾಯಿಂದ ಲೋಕಕ್ಕೆ ತಿಳಿದು, ಅಮೆರಿಕಾದ ಅತ್ಯುನ್ನತ ವೀರಪದಕವು ಅವನಿಗೆ ಮರಣೋತ್ತರವಾಗಿ ಸಂದಿತು.

ಜಪಾನೀಯರು ಸೆರೆಹಿಡಿದು ಟ್ರುಕ್ಕಿಗೆ ತಂದ ಸ್ಕಲ್ಪಿನ್ನಿನ ಯೋಧರು 41 ಮಂದಿ. ಸುಮಾರು ಹತ್ತು ದಿನಗಳ ವಿಚಾರಣೆಯ ತರುವಾಯ ಅವರನ್ನು ಎರಡು ಪಾಲು ಮಾಡಿ, ಸ್ವದೇಶಕ್ಕೆ ಹೊರಟಿದ್ದ ಎರಡು ವಿಮಾನವಾಹಕ ನೌಕೆಗಳಲ್ಲಿ ತುಂಬಿದರು. 20 ಮಂದಿ ಉನ್ಯೋ ಎಂಬುದರಲ್ಲಿ, 21 ಮಂದಿ ಚೂಯೋ ಎಂಬುದರಲ್ಲಿ. ಚೂಯೋ ಮೊದಲು ನಿತ್ತಾ ಮಾರು ಎಂಬ ಪ್ರಯಾಣಿಕರ ಹಡಗಾಗಿದ್ದು, 1942ರಲ್ಲಿ ವಿಮಾನವಾಹಕವಾಗಿ ಮಾರ್ಪಟ್ಟಿದ್ದಿತು. ಸೆರೆಯಾಳುಗಳನ್ನು ಅದರ ಕೆಳಗಿನ ಅಂತಸ್ತಿನ ಇಕ್ಕಟ್ಟಾದ ಕೋಣೆಯಲ್ಲಿ ಕೂಡಿಹಾಕಿದರು.

ಈ ಹಡಗುತಂಡದ ಮಾರ್ಗವು ಜಪಾನೀಯರ ಸಂಕೇತ ಸಂದೇಶಗಳಿಂದಲೇ ಪರ್ಲ್ ಹಾರ್ಬರಿಗೆ ತಿಳಿದುಬಂದಿತು. ದಾರಿಯುದ್ದಕ್ಕೂ ಇದ್ದ ಜಲಾಂತರ್ಗಾಮಿಗಳಿಗೆ ಎಚ್ಚರಿಕೆ ಹೋಯಿತು. ಜಪಾನಿನ ಸಮೀಪದಲ್ಲಿ ಕಾದಿದ್ದ ನೌಕೆಯೇ ಸೇಲ್‌ಫಿಷ್. ರಾಬರ್ಟ್ ವಾರ್ಡ್ ಅದರ ನಾಯಕ.

ಡಿಸೆಂಬರ್ 3ರ ರಾತ್ರಿ ಅಲ್ಲಿ ಭಯಂಕರವಾದ ಚಂಡಮಾರುತ ಬೀಸುತ್ತಿದ್ದಿತು. ಮಳೆಗಾಳಿಗಳ ನಡುವೆ ಕಣ್ಣಿಗೆ ಏನೂ ಗೋಚರಿಸದು. ರೇಡಾರ್ ಯಂತ್ರವೊಂದೇ ಹಡಗುಗಳ ಇರವನ್ನು ತಿಳಿಸಿತು. ಮಧ್ಯರಾತ್ರಿ ದಾಟಿದ ಸ್ವಲ್ಪ ಹೊತ್ತಿಗೆ ವಾರ್ಡ್ ನಾಲ್ಕು ಟಾರ್ಪೆಡೊಗಳನ್ನು ಬಿಟ್ಟನು. ಸ್ಫೋಟದ ಶಬ್ದ ಕೇಳಿಸಿತು. ಚೂಯೋ ಗಾಯಗೊಂಡು ನಿಧಾನವಾಗಿ ಸಾಗಿತು. ವಾರ್ಡ್ ಬಿಡದೆ ಬೆನ್ನಟ್ಟಿ ಬೆಳಗಿನ ಜಾವದಲ್ಲಿ ಎರಡನೆಯ ಸಲವೂ, ಹೊತ್ತೇರಿದ ಮೇಲೆ ಮೂರನೆಯ ಸಲವೂ ಹೊಡೆದನು. ಚೂಯೋ ಮುಳುಗಿತು. ಯುದ್ಧದಲ್ಲಿ ಅಮೆರಿಕಾದ ಜಲಾಂತರ್ಗಾಮಿಯೊಂದು ಅನ್ಯರ ನೆರವಿಲ್ಲದೆ ಮುಳುಗಿಸಿದ ಮೊದಲ ವಿಮಾನವಾಹಕ ನೌಕೆ ಅದೇ. ಅದರಲ್ಲಿದ್ದ ಸಾವಿರಕ್ಕೂ ಹೆಚ್ಚು ಜಪಾನೀಯರು ಸತ್ತರು. ಸ್ಕಲ್ಪಿನ್ನಿನ 21 ಮಂದಿ ಸೆರೆಯಾಳುಗಳಲ್ಲಿ 20 ಮಂದಿ ಸತ್ತರು. ಒಬ್ಬನು ಮಾತ್ರ, ಪಕ್ಕದಲ್ಲಿ ಹಾದುಹೋಗುತ್ತಿದ್ದ ಜಪಾನೀ ವಿಧ್ವಂಸಕ ನೌಕೆಯ ಏಣಿಯನ್ನು ಹಿಡಿದು ಬದುಕಿದನು. ಅವನೂ ಉನ್ಯೋ ನೌಕೆಯಲ್ಲಿ ಹೋದ 20 ಮಂದಿಯೂ ಜಪಾನಿನ ಸೆರೆಶಿಬಿರವನ್ನೂ ಆಶಿಯೋ ತಾಮ್ರದ ಗಣಿಯ ದುಡಿಮೆಯನ್ನೂ ಅನುಭವಿಸಿ, 1945ರಲ್ಲಿ ಬಿಡುಗಡೆ ಹೊಂದಿದರು.

ಸಮುದ್ರತಳದಲ್ಲಿದ್ದ ಸೋದರ ನೌಕೆಯನ್ನು ಹುಡುಕಿ, ಅದರ ಜನರು ಉಳಿಯಲು ಕಾರಣವಾದದ್ದು ಸ್ಕಲ್ಪಿನ್. ನಾಲ್ಕೂವರೆ ವರ್ಷಗಳ ಮೇಲೆ ಸ್ಕಲ್ಪಿನ್ನಿನ ಜನರನ್ನು ಕೊಂದದ್ದು ಅದೇ ಸೋದರ ನೌಕೆ. ಇದನ್ನು ವಿಧಿವಿಲಾಸವೆಂದು ಹೇಳಿ ಸುಮ್ಮನಾಗುವುದು ಸುಲಭ. ಆದರೆ ಇಲ್ಲಿ ವಿಧಿಗಿಂತ ಹೆಚ್ಚಾಗಿ ಯುದ್ಧದ ಸಹಜಕ್ರಮವೇ ಕಾಣುತ್ತದೆ. ಕ್ರಾಮ್‌ವೆಲ್ ಪ್ರಾಣಕೊಟ್ಟು ಕಾಪಾಡಿದ ರಹಸ್ಯಗಳಲ್ಲಿ ಸಂಕೇತಲಿಪಿಯ ರಹಸ್ಯವೂ ಒಂದು. ಅದು ಬಯಲಾಗಿದ್ದರೆ ಶತ್ರುವು ಲಿಪಿಯನ್ನು ಬದಲಾಯಿಸುತ್ತಿದ್ದನು. ಚೂಯೋ ಬರುವ ದಾರಿ ಸೇಲ್‌ಫಿಷ್‌ಗೆ ತಿಳಿಯುತ್ತಿರಲಿಲ್ಲ. ಅವನ ತ್ಯಾಗದಿಂದ ಅವನ ದೇಶಕ್ಕೆ ಎಷ್ಟೋ ಸಾವಿರ ಜನರ ಜೀವ ಉಳಿದಿರಬಹುದು. ಅವನ ಸ್ವಂತ ನೌಕೆಯ ಇಪ್ಪತ್ತು ಜನರ ಮೃತ್ಯುವಿಗೆ ದಾರಿಯಾದುದೂ ಅದೇ ತ್ಯಾಗ. ಕ್ರಾಮ್‌ವೆಲ್ಲನಲ್ಲಿ ತಪ್ಪಿಲ್ಲ, ವಾರ್ಡನಲ್ಲಿಯೂ ತಪ್ಪಿಲ್ಲ. ಆ ಹಡಗಿನಲ್ಲಿ ಯಾರಿದ್ದರೆಂಬುದು ವಾರ್ಡನಿಗೆ ತಿಳಿದಿರಲಿಲ್ಲ. ಇಬ್ಬರೂ ತಮ್ಮ ಕರ್ತವ್ಯವನ್ನು ಕುಂದಿಲ್ಲದೆ ಮಾಡಿದರು. ಮಾಡಿದ ಫಲ ಹೀಗಾಯಿತು.

ಸೇಲ್‌ಫಿಷ್ ಯುದ್ಧವನ್ನು ಮುಗಿಸಿ 1945ರ ಅಕ್ಟೋಬರಿನಲ್ಲಿ ಪೋರ್ಟ್ಸ್‌ಮತ್ತಿನಲ್ಲಿಯೇ ವಿಶ್ರಾಂತಿಗೆ ಬಂದಿತು. 1948ರಲ್ಲಿ ನೌಕೆಯ ಒಡಲನ್ನು ಹಳೆಯ ಕಬ್ಬಿಣಕ್ಕೆ ಮಾರಿದರು. ಮೇಲಣ ಗೋಪುರವನ್ನು ಮಾತ್ರ ಆ ನೌಕಾಂಗಣದಲ್ಲಿ ಸ್ಮಾರಕವಾಗಿ ನಿಲ್ಲಿಸಿದ್ದಾರೆ. ಸ್ಕಲ್ಪಿನ್ನಿಗೆ ಅಂಥ ಗುರುತಿಲ್ಲ. ಅದು ಟ್ರುಕ್ಕಿನಾಚೆಯ ಆಳದಲ್ಲಿದೆ. ಎರಡೂ ಹುಟ್ಟಿದ ಸ್ಥಳದಲ್ಲಿ ನಿಂತಿರುವ ಆ ಗೋಪುರದ ಎದುರಿನಲ್ಲಿ, ಸ್ಕ್ವಾಲಸ್ ನೌಕೆಯ 26 ಮಂದಿಯೊಡನೆ ಚೂಯೋದ ಕೋಣೆಯಲ್ಲಿದ್ದ 20 ಮಂದಿಯನ್ನೂ ನೆನೆಯುವುದು ನ್ಯಾಯ.