ಡಫರಿನ್ ಹಡಗಿನ ಕೊನೆಯ ವರ್ಷ

ಮುಂಬಯಿಯ ಮಝಗಾಂವ್ ಬಳಿ ಸಮುದ್ರದಲ್ಲಿ ಲಂಗರು ಹಾಕಿ ನಿಂತಿದ್ದ ಒಂದು ಹಡಗು 1972ರಲ್ಲಿ ಸೇವೆ ಮುಗಿಸಿತು. ಹೆಸರು ‘ಡಫರಿನ್’. ವಯಸ್ಸು 68. ಅದರಲ್ಲಿ ಕೊನೆಯ 45 ವರ್ಷ ಅದು ಹಡಗಿನ ಅಧಿಕಾರಿಗಳಾಗಲು ಹೊರಟ ಹುಡುಗರಿಗೆ ಶಾಲೆಯಾಗಿತ್ತು, ಮನೆಯೂ ಆಗಿತ್ತು.

ವೈಸ್‌ರಾಯ್ ಒಬ್ಬರ ಹೆಸರು ಹೊತ್ತ ಈ ಹಡಗು 1904ರಲ್ಲಿ ಇಂಗ್ಲೆಂಡಿನ ಬ್ಯಾರೋ ಪಟ್ಟಣದಲ್ಲಿ ತಯಾರಾದದ್ದು ಸೈನಿಕರನ್ನು ಸಾಗಿಸಲಿಕ್ಕೆ. ಮೊದಲ ಮಹಾಯುದ್ಧದ ಹೊತ್ತಿಗೆ ಕೆಂಪು ಸಮುದ್ರದಲ್ಲಿ ದುಡಿಯಿತು. ಸಾಮ್ರಾಜ್ಯದ ಕೆಲಸಕ್ಕೆಂದೇ ಕಟ್ಟಿದ ಹಡಗು ಭಾರತೀಯ ಹುಡುಗರ ಶಾಲೆಯಾದದ್ದರ ಹಿಂದೆ ಒಂದು ಹಳೆಯ ಜಗಳವಿದೆ.

ಬ್ರಿಟಿಷ್ ಕಂಪನಿಗಳ ಹಡಗುಗಳಲ್ಲಿ ಭಾರತೀಯರಿಗೇನೂ ಬರವಿರಲಿಲ್ಲ. ಕುಲುಮೆಗೆ ಕಲ್ಲಿದ್ದಲು ಎಸೆಯುವವರು, ಡೆಕ್ ತೊಳೆಯುವವರು, ಅಡುಗೆ ಮಾಡುವವರು ಬಹುಪಾಲು ಇಲ್ಲಿನ ಖಲಾಸಿಗಳೇ. ನಕ್ಷೆ ನೋಡಿ ದಾರಿ ಹೇಳುವ, ಹಡಗು ನಡೆಸುವ ಕೆಲಸ ಮಾತ್ರ ಅವರಿಗೆ ಸಿಗುತ್ತಿರಲಿಲ್ಲ. 1919ರ ಏಪ್ರಿಲ್ 5ರಂದು ಸಿಂಧಿಯಾ ಕಂಪನಿಯ ‘ಲಾಯಲ್ಟಿ’ ಮುಂಬಯಿಯಿಂದ ಲಂಡನ್ನಿಗೆ ಹೊರಟಾಗ ಭಾರತೀಯರೂ ಹಡಗಿನ ಒಡೆಯರಾಗಬಹುದು ಎಂಬುದು ಖಾತ್ರಿಯಾಯಿತು. ಆದರೆ ಒಡೆತನ ಬಂದರೆ ಸಾಕೇ? ನಡೆಸಲು ಕಲಿಸುವವರು ಯಾರು?

1922ರಲ್ಲಿ ಮದ್ರಾಸಿನ ಪಿ. ಎಸ್. ಶಿವಸ್ವಾಮಿ ಅಯ್ಯರ್ ಕೇಂದ್ರ ಶಾಸನಸಭೆಯಲ್ಲಿ ಈ ವಿಷಯ ಎತ್ತಿದರು. ಮರುವರ್ಷ ಸಮಿತಿಯೊಂದು ನೇಮಕವಾಯಿತು. ಅದರ ಶಿಫಾರಸುಗಳ ಫಲವಾಗಿ 1927ರಲ್ಲಿ ‘ಡಫರಿನ್’ ತರಬೇತಿ ಹಡಗಾಯಿತು. ಮೊದಲ ಮುಖ್ಯಸ್ಥ ಕ್ಯಾಪ್ಟನ್ ಡಿಗ್ಬಿ-ಬೆಸ್ಟ್. ಮೊದಲ ತಂಡದ ಹುಡುಗರಲ್ಲಿ ಹೈದರಾಬಾದಿನಲ್ಲಿ ಓದಿದ್ದ ರಾಮದಾಸ್ ಕಟಾರಿಯೂ ಒಬ್ಬರು. ವಾಣಿಜ್ಯ ಹಡಗುಗಳಿಗೆಂದು ತರಬೇತಿ ಪಡೆದ ಕಟಾರಿ ಎರಡನೇ ಮಹಾಯುದ್ಧದ ಹೊತ್ತಿಗೆ ನೌಕಾಪಡೆ ಸೇರಿದರು. 1958ರಲ್ಲಿ ಅದರ ಮುಖ್ಯಸ್ಥರಾದರು. ಆ ಹುದ್ದೆಗೇರಿದ ಮೊದಲ ಭಾರತೀಯ ಅವರೇ.

ಸಮುದ್ರದ ವಿದ್ಯೆ ಕಲಿಸಿದ ಆ ಹಡಗು ತಾನು ಮಾತ್ರ ನಿಂತಲ್ಲೇ ನಿಂತಿತ್ತು. ಅದರ ಸುತ್ತ ಕಾಲ ಸರಿಯಿತು. ದೇಶ ಸ್ವತಂತ್ರವಾಯಿತು, 1961ರಲ್ಲಿ ಸರ್ಕಾರದ್ದೇ ಶಿಪ್ಪಿಂಗ್ ಕಾರ್ಪೊರೇಶನ್ ಹುಟ್ಟಿತು. ಭಾರತೀಯ ಹುಡುಗನೊಬ್ಬ ಕ್ಯಾಪ್ಟನ್ ಆಗಬಲ್ಲನೇ ಎಂದು 1972ರ ಹೊತ್ತಿಗೆ ಕೇಳುವವರೇ ಇರಲಿಲ್ಲ. ‘ಡಫರಿನ್’ ಗೆದ್ದದ್ದು ಅಲ್ಲೇ. ಆದರೆ ಕಬ್ಬಿಣಕ್ಕೆ ಆ ಗೆಲುವಿನಿಂದ ಆಯುಷ್ಯ ಹೆಚ್ಚುವುದಿಲ್ಲ. ಹಳತಾದ ಹಡಗಿನ ಜಾಗಕ್ಕೆ ಅದೇ ವರ್ಷ ‘ರಾಜೇಂದ್ರ’ ಬಂತು.

‘ರಾಜೇಂದ್ರ’ದ ಸರದಿ ಮುಗಿದದ್ದು 1993ರಲ್ಲಿ. ಆಮೇಲೆ ಶಾಲೆ ನೀರು ಬಿಟ್ಟು ನೆಲಕ್ಕೆ ಬಂತು. ನವಿ ಮುಂಬಯಿಯ ನೇರುಳ್ ಕಡೆಗೆ ಹೋದವರು ‘ಟಿ.ಎಸ್. ಚಾಣಕ್ಯ’ ಎಂಬ ಹೆಸರು ನೋಡಿರಬಹುದು. ಆ ‘ಟಿ.ಎಸ್.’ ಎಂದರೆ ಟ್ರೇನಿಂಗ್ ಶಿಪ್, ತರಬೇತಿ ಹಡಗು. ಹಡಗೇ ಇಲ್ಲದ ಆವರಣಕ್ಕೆ ಈ ಎರಡಕ್ಷರ ಬಂದದ್ದು ಮಝಗಾಂವ್‌ನ ಆ ಹಳೆಯ ‘ಡಫರಿನ್’ನಿಂದ.