ದಾರಿಯಲ್ಲೇ ಇರುವ ಊರುಗಳು

ಬೆಂಗಳೂರಿನಿಂದ ಕನಕಪುರ, ಮಳವಳ್ಳಿ ಹಾದು ಕೊಳ್ಳೇಗಾಲದ ಕಡೆಗೆ ಬರುವವರ ಒಂದು ದಿನದ ಪ್ರವಾಸ ಬಹುಪಾಲು ಹೀಗಿರುತ್ತದೆ: ಬೆಳಿಗ್ಗೆ ಭರಚುಕ್ಕಿ ಜಲಪಾತ, ಆಮೇಲೆ ಮಾದಪ್ಪನ ಬೆಟ್ಟ ಇಲ್ಲವೇ ಬಿಳಿಗಿರಿರಂಗನ ಬೆಟ್ಟ, ಕತ್ತಲಾಗುವಷ್ಟರಲ್ಲಿ ವಾಪಸು. ಕೊಳ್ಳೇಗಾಲದಲ್ಲಿ ತಿಂಡಿ, ಹನೂರಿನಲ್ಲಿ ಕಾಫಿ, ಯಳಂದೂರಿನಲ್ಲಿ ಬೆಟ್ಟದ ತಿರುವು. ಊರುಗಳಿಗೆ ಸಿಗುವ ಪಾಲು ಅಷ್ಟೇ. ಒಂದು ದಿನದಲ್ಲಿ ಊರು ನೋಡಲಾಗದು ಎನ್ನುವಂತಿಲ್ಲ: ಮಂಗಳೂರಿಗೆ ಹಡಗಿನಲ್ಲಿ ಬಂದು ಸಂಜೆಯೊಳಗೆ ಮತ್ತೆ ಹಡಗು ಹತ್ತಬೇಕಾದ ವಿದೇಶಿಯರನ್ನು ಮೂಡುಬಿದಿರೆಯ ಸಾವಿರ ಕಂಬದ ಬಸದಿಗೂ ಕಾರ್ಕಳದ ಗೊಮ್ಮಟನ ಬಳಿಗೂ ಕರೆದೊಯ್ಯುತ್ತಾರೆ. ಅವರಿಗಿರುವ ಹೊತ್ತು ನಮಗೂ ಇದೆ. ಕೊಳ್ಳೇಗಾಲ ಸೀಮೆಯ ಚರಿತ್ರೆ ನಡೆದದ್ದು ನಡುವಿನ ಊರುಗಳಲ್ಲಿ. ದಿನದ ಒಂದೆರಡು ಗಂಟೆ ಅವಕ್ಕೆ ಸಲ್ಲಲೇಬೇಕು.

ಯಳಂದೂರನ್ನೇ ನೋಡಿ. ಪೇಟೆಯ ನಡುವಿನ ಗೌರೀಶ್ವರ ದೇವಾಲಯವನ್ನು ಕಟ್ಟಿಸಿದವರು ಹದಿನಾಡಿನ ಪಾಳೆಯಗಾರರು. ಅದರ ಮಹಾದ್ವಾರವನ್ನು ಜನ ಬಳೆಮಂಟಪ ಎನ್ನುತ್ತಾರೆ. ಮೂಲೆಗಳಲ್ಲಿ ಕಲ್ಲಿನ ಬಳೆಗಳು ಒಂದರೊಳಗೊಂದು ಕೋದುಕೊಂಡು ಸರಪಳಿಯಾಗಿ ತೂಗುತ್ತವೆ. ಬೇರೆಬೇರೆ ಮಾಡಿ ಜೋಡಿಸಿದ್ದಲ್ಲ, ಒಂದೇ ಕಲ್ಲಿನಿಂದ ಬಿಡಿಸಿದ್ದು. ಚಾಣದ ಒಂದು ಏಟು ತಪ್ಪಿದ್ದರೂ ಇಡೀ ಸರ ಹಾಳಾಗುತ್ತಿತ್ತು. ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿದ್ದು 'ಹದಿಬದೆಯ ಧರ್ಮ' ಬರೆದ ಸಂಚಿಯ ಹೊನ್ನಮ್ಮ ಈ ಊರಿನವಳು. 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಸಂದದ್ದೂ ಇದೇ ಯಳಂದೂರು. ಶಿಲ್ಪ, ಕಾವ್ಯ, ರಾಜಕಾರಣ ಮೂರೂ ಕೂಡಿದ ಇಂಥ ಊರು ಬೆಟ್ಟದ ದಾರಿಯಲ್ಲೇ ಇರುವಾಗ ಅದಕ್ಕಾಗಿ ಯಾರೂ ಬಳಸಿ ಹೋಗಬೇಕಾಗಿಲ್ಲ.

ಕೊಳ್ಳೇಗಾಲದಲ್ಲಿ ನೋಡಲು ಏನಿದೆ ಎಂಬ ಆಕ್ಷೇಪಕ್ಕೆ ತುಸು ನಿಧಾನವಾಗಿ ಉತ್ತರಿಸಬೇಕು. ಬಳೆಮಂಟಪದಂಥ ಕಟ್ಟಡ ಇಲ್ಲಿಲ್ಲ, ನಿಜ. ಆದರೆ ಟಿಪ್ಪು ಮಡಿದ 1799ರಲ್ಲಿ ಈ ತಾಲ್ಲೂಕು ಇಂಗ್ಲಿಷರ ಕೈಸೇರಿ, 1956ರ ನವೆಂಬರ್ 1ರವರೆಗೆ ಮದ್ರಾಸಿನ ಕೊಯಮತ್ತೂರು ಜಿಲ್ಲೆಯಲ್ಲೇ ಉಳಿಯಿತು. ಹನೂರೂ ಆಗ ಇದೇ ತಾಲ್ಲೂಕಿಗೆ ಸೇರಿತ್ತು. ಯಳಂದೂರು ಮೈಸೂರು ಸಂಸ್ಥಾನದ್ದಾಗಿತ್ತು. ಇಂದು ಬಸ್ಸು ಅರ್ಧ ಗಂಟೆಯಲ್ಲಿ ದಾಟುವ ದಾರಿಯ ನಡುವೆ ಒಂದೂವರೆ ಶತಮಾನ ಎರಡು ಸರ್ಕಾರಗಳ ಗಡಿ ಇತ್ತು. ಕಚೇರಿ ತಮಿಳು ಸೀಮೆಯಲ್ಲಿದ್ದರೂ ಮನೆಮಾತು, ಮಾದಪ್ಪನ ಪದ, ಕಂಸಾಳೆ ಕನ್ನಡವಾಗಿಯೇ ಉಳಿದವು. ಮದ್ರಾಸ್ ಪ್ರಾಂತ್ಯದ ರೇಷ್ಮೆಗೆ ಮುಖ್ಯ ನೆಲೆಯಾಗಿದ್ದದ್ದು ಕೊಳ್ಳೇಗಾಲ. ಇಂದಿಗೂ ಇಲ್ಲಿನ ರೇಷ್ಮೆ ಸೀರೆಗೆ ಹೆಸರಿದೆ. ಕಲ್ಲಿನಲ್ಲಿ ಕಾಣದ ಚರಿತ್ರೆ ಕಸುಬಿನಲ್ಲಿ ಕಾಣುತ್ತದೆ.

ಭಕ್ತರು ಬರುವುದು ದರ್ಶನಕ್ಕೆ, ಊರು ಸುತ್ತಲಿಕ್ಕಲ್ಲ ಎನ್ನುವವರಿದ್ದಾರೆ. ಹರಕೆ ಹೊತ್ತು ಬರಿಗಾಲಲ್ಲಿ ಬೆಟ್ಟ ಹತ್ತುವವರಿಗೆ ನನ್ನ ಮಾತು ಅನ್ವಯಿಸುವುದಿಲ್ಲ. ಆದರೆ ಕಾರಿನಲ್ಲಿ ಬರುವ ಬಹುಮಂದಿಗೆ ದರ್ಶನದಷ್ಟೇ ನೋಟವೂ ಬೇಕು, ಅವರು ನೆಚ್ಚುವ ನೋಟ ವರ್ಷವಿಡೀ ಸಿಗುವುದಿಲ್ಲ. ಭರಚುಕ್ಕಿಯಿರುವ ಶಿವನಸಮುದ್ರದಲ್ಲಿ 1902ರಿಂದ ನೀರು ವಿದ್ಯುತ್ತಿಗೆ ತಿರುಗಿದೆ. ಮಳೆಗಾಲ ಕಳೆದರೆ ಭರಚುಕ್ಕಿಯಲ್ಲಿ ಬಂಡೆಯೇ ಹೆಚ್ಚು. ಬಿಳಿಗಿರಿರಂಗನ ಬೆಟ್ಟದ ಸುತ್ತಲಿನದು ಹುಲಿ ರಕ್ಷಿತಾರಣ್ಯ, ಸೋಲಿಗರ ನೆಲೆ. ಅಲ್ಲಿ ವಾಹನ ಕಡಿಮೆಯಾದಷ್ಟೂ ಒಳ್ಳೆಯದು. ಪೇಟೆಯ ಬೀದಿಗೆ ಆ ತೊಂದರೆಯಿಲ್ಲ. ಬಳೆಮಂಟಪಕ್ಕೆ ಹೆದ್ದಾರಿಯಲ್ಲೇ ದೊಡ್ಡ ಫಲಕ, ಕೊಳ್ಳೇಗಾಲದ ಮಗ್ಗ ನೋಡಲು ಗೊತ್ತಾದ ಒಂದು ಹೊತ್ತು, ಎರಡೂ ಊರಲ್ಲಿ ಶುಚಿಯಾದ ಶೌಚಾಲಯ: ಇಷ್ಟನ್ನು ನಗರಸಭೆ, ಪಂಚಾಯಿತಿಗಳೇ ಮಾಡಬಹುದು.