ರಾಯಭಾರಕ್ಕೆ ಹೋದ ಹಾಡು

ಹೊಸದಾಗಿ ತಲೆಯೆತ್ತಿದ ರಾಜ್ಯವು ಪರರಾಜ್ಯಗಳ ಮನ್ನಣೆಯನ್ನು ಬಯಸಿ ರಾಯಭಾರಿಗಳನ್ನು ಅಟ್ಟುವುದು ಪುರಾತನವಾದ ಪದ್ಧತಿ. ಭೂಪಟ, ವಿಜ್ಞಾಪನಪತ್ರ, ವಾಕ್ಚಾತುರ್ಯ ಇವು ಅವರ ಸಾಧನಗಳು. ಆದರೆ 1919ನೆಯ ಇಸವಿಯಲ್ಲಿ, ಸ್ವಾತಂತ್ರ್ಯವನ್ನು ಸಾರಿ ಒಂದು ವರ್ಷವಷ್ಟೇ ಕಳೆದಿದ್ದ ಯುಕ್ರೇನ್ ಗಣರಾಜ್ಯವು ಇವುಗಳೊಡನೆ ಒಂದು ಗಾಯಕವೃಂದವನ್ನೂ ಯೂರೋಪಿಗೆ ಕಳುಹಿಸಿತು.

ಇದಕ್ಕೆ ಬಲವಾದ ಕಾರಣವಿದ್ದಿತು. ಯುಕ್ರೇನೀಯರೆಂಬ ಬೇರೊಂದು ಜನಾಂಗವುಂಟೆಂಬುದೇ ಹೊರಗಿನವರಲ್ಲಿ ಅನೇಕರಿಗೆ ತಿಳಿಯದು. ತಿಳಿಯದಂತೆ ರಷ್ಯಾದ ಚಕ್ರವರ್ತಿಗಳು ಬಹಳ ಶ್ರಮವಹಿಸಿದ್ದರು. 1863ರಲ್ಲಿ ಮಂತ್ರಿ ವಲೂಯೆವನು, ಅಂಥದೊಂದು ಪ್ರತ್ಯೇಕ ಭಾಷೆಯೇ ಇಲ್ಲವೆಂಬ ಅಭಿಪ್ರಾಯವನ್ನು ಮುಂದೊಡ್ಡಿ, ಆ ಭಾಷೆಯ ಧಾರ್ಮಿಕ ಗ್ರಂಥಗಳನ್ನೂ ಪಠ್ಯಪುಸ್ತಕಗಳನ್ನೂ ತಡೆದನು. 1876ರಲ್ಲಿ ಎರಡನೆಯ ಅಲೆಕ್ಸಾಂಡರನು ಜರ್ಮನಿಯ ಎಮ್ಸ್ ಎಂಬ ಊರಿನಲ್ಲಿ ಸಹಿಮಾಡಿದ ಆಜ್ಞೆ ಇನ್ನೂ ಕಠಿನವಾದುದು. ನಾಟಕವನ್ನು ಆಡಕೂಡದು, ಹೊರಗಿನಿಂದ ಪುಸ್ತಕ ತರಿಸಕೂಡದು, ಕೊನೆಗೆ ಸ್ವರಲಿಪಿಯ ಕೆಳಗೆ ಹಾಡಿನ ಮಾತುಗಳನ್ನು ಅಚ್ಚು ಹಾಕಕೂಡದು! ಇಲ್ಲದ ಭಾಷೆಯನ್ನು ನಿಷೇಧಿಸಲು ಇಷ್ಟು ಕಷ್ಟವೇಕೋ ಅಧಿಕಾರಿಗಳೇ ಹೇಳಬೇಕು. ಕಾಲಕ್ರಮದಲ್ಲಿ ಆಜ್ಞೆ ಸಡಿಲವಾಯಿತು. ಹಳ್ಳಿಯ ಜನ ಮಾತ್ರ ಅದನ್ನು ಲಕ್ಷಿಸದೆ ಹಾಡುತ್ತಲೇ ಇದ್ದರು.

ಸೀಮೋನ್ ಪೆತ್ಲ್ಯೂರನ ಆದೇಶದಂತೆ ಗಾಯಕರನ್ನು ಕೂಡಿಸಿದವರು ಅಲೆಕ್ಸಾಂಡರ್ ಕೋಶಿತ್ಸ್ ಮತ್ತು ಕಿರಿಲೋ ಸ್ತೆತ್ಸೆಂಕೊ. ವೃಂದವು ರೂಪುಗೊಂಡದ್ದು ಜನವರಿಯಲ್ಲಿ. ಫೆಬ್ರವರಿ 5ರಂದು ರಾಜಧಾನಿಯಾದ ಕೀವ್ ನಗರವು ಬೋಲ್ಷೆವಿಕರ ವಶವಾಯಿತು. ಗಾಯಕರು ಪಶ್ಚಿಮದ ಕಾಮಿಯನೆತ್ಸ್ ಪಟ್ಟಣದಲ್ಲಿ ಸೇರಿ, ಅಲ್ಲಿಂದ ಗಡಿ ದಾಟಿ, ಮೇ 11ರಂದು ಪ್ರಾಗ್ ನಗರದ ರಾಷ್ಟ್ರೀಯ ರಂಗಮಂದಿರದಲ್ಲಿ ಹಾಡಿದರು. ತಮ್ಮನ್ನು ಕಳುಹಿಸಿದ ರಾಜಧಾನಿ ಅಂದು ತಮ್ಮ ಸರಕಾರದ ಕೈಯಲ್ಲಿಲ್ಲವೆಂಬುದನ್ನು ಅವರೆಲ್ಲರೂ ಬಲ್ಲರು.

ಅವರು ಹಾಡಿದವುಗಳಲ್ಲಿ ‘ಶ್ಚೆದ್ರಿಕ್’ ಎಂಬುದೂ ಒಂದು. ಪೊದೋಲ್ಯ ಪ್ರಾಂತದ ಪಾದ್ರಿಯೊಬ್ಬನ ಮಗನೂ ಶಾಲೆಗಳಲ್ಲಿ ಸಂಗೀತದ ಉಪಾಧ್ಯಾಯನೂ ಆಗಿದ್ದ ಮಿಕೋಲ ಲೆಯೊಂತೋವಿಚ್ ಜನಪದ ಗೀತವೊಂದನ್ನು ತಿದ್ದಿ ತೀಡಿ ವೃಂದಗಾನಕ್ಕೆ ಅಳವಡಿಸಿದ್ದನು. ಕೋಶಿತ್ಸನೇ ಅದನ್ನು 1916ರ ಡಿಸೆಂಬರಿನಲ್ಲಿ ಕೀವ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಿಂದ ಮೊದಲು ಹಾಡಿಸಿದನು. ಇಡೀ ಗೀತಕ್ಕೆ ನಾಲ್ಕು ಸ್ವರಗಳ ಒಂದು ಪುಟ್ಟ ಪಲುಕು ಆಧಾರ. ಅದು ಬಿಡದೆ ಸುತ್ತುತ್ತಿರಲು ಉಳಿದ ಕಂಠಗಳು ಒಂದೊಂದಾಗಿ ಅದರ ಕೆಳಗೂ ಮೇಲೂ ಬಂದು ಸೇರುತ್ತವೆ. ಹುರುಳೂ ಸರಳವಾದುದೆ: ಬಾನಾಡಿಯೊಂದು ರೈತನ ಮನೆಗೆ ಹಾರಿಬಂದು, ಕುರಿಮಂದೆಯಲ್ಲಿ ಮರಿಗಳು ಹುಟ್ಟಿವೆ, ಎದ್ದು ನೋಡೆಂದು ಸಿರಿಯನ್ನು ಹರಸುತ್ತದೆ. ಹೊಸ ವರ್ಷವು ವಸಂತದಲ್ಲಿ ಬರುತ್ತಿದ್ದ ಪ್ರಾಚೀನ ಕಾಲದ ಹಾಡಿದು. ಚೈತ್ರದಲ್ಲಿ ಯುಗಾದಿಯನ್ನು ಆಚರಿಸುವ ಕನ್ನಡಿಗರಿಗೆ ಇದು ಬೆರಗೆನಿಸದು. ಅಲ್ಲಿಯ ಜನ ಹೊಸ ವರ್ಷವನ್ನು ಜನವರಿಯ ಹಿಮಕ್ಕೆ ಒಯ್ದರೂ ಹಾಡಿನೊಳಗಿನ ಹಕ್ಕಿಯನ್ನು ಓಡಿಸಲಿಲ್ಲ.

ವಿಯೆನ್ನಾ, ಸ್ವಿಟ್ಜರ್ಲೆಂಡಿನ ನಗರಗಳು, ಪಾರಿಸು, ಬ್ರಸೆಲ್ಸ್, ಲಂಡನ್, ಬರ್ಲಿನ್ ಎಲ್ಲೆಡೆಯೂ ಮೆಚ್ಚುಗೆ ದೊರೆಯಿತು. ಪತ್ರಿಕೆಗಳು ಕೊಂಡಾಡಿದವು. ಆದರೆ ಪಾರಿಸಿನ ಶಾಂತಿ ಸಮ್ಮೇಳನದಲ್ಲಿ ಕುಳಿತಿದ್ದ ವಿಜಯೀ ರಾಷ್ಟ್ರಗಳು ಯುಕ್ರೇನಿಗೆ ಮನ್ನಣೆ ನೀಡಲಿಲ್ಲ. ಚಪ್ಪಾಳೆ ತಟ್ಟುವ ಕೈ ಬೇರೆ, ಒಡಂಬಡಿಕೆಗೆ ಸಹಿ ಹಾಕುವ ಕೈ ಬೇರೆ. ಹಾಡು ಹೇಳದೆ ಬಿಟ್ಟ ಸಂಗತಿಯನ್ನೂ ಇಲ್ಲಿ ಹೇಳಬೇಕು. ಅದೇ 1919ರಲ್ಲಿ ಆ ನಾಡಿನ ಊರೂರುಗಳಲ್ಲಿ ಯೆಹೂದ್ಯರ ಘೋರವಾದ ಕಗ್ಗೊಲೆಗಳು ನಡೆದವು. ಕೊಂದವರಲ್ಲಿ ಗಣರಾಜ್ಯದ ಸೈನಿಕರೂ ಇದ್ದರು. 1926ರಲ್ಲಿ ಪಾರಿಸಿನ ಬೀದಿಯಲ್ಲಿ ಪೆತ್ಲ್ಯೂರನನ್ನು ಗುಂಡಿಕ್ಕಿ ಕೊಂದವನು ಆ ಹತ್ಯೆಗಳ ಸೇಡೆಂದೇ ಹೇಳಿಕೊಂಡನು.

1921ರ ಮಾರ್ಚಿಯಲ್ಲಿ ರೀಗ ನಗರದ ಒಪ್ಪಂದವು ನಾಡಿನ ಬಹುಭಾಗವನ್ನು ಪೋಲೆಂಡಿಗೂ ಸೋವಿಯತ್ ಪಕ್ಷಕ್ಕೂ ಹಂಚಿತು. ರಾಯಭಾರ ಕಳುಹಿಸಿದ ರಾಜ್ಯವೇ ಹೋಯಿತು, ರಾಯಭಾರ ನಿಲ್ಲಲಿಲ್ಲ. ಒಡಕುಂಟಾದ ವೃಂದವನ್ನು ಕೋಶಿತ್ಸನು ಮತ್ತೆ ಕಟ್ಟಿ ಅಮೆರಿಕೆಗೆ ಒಯ್ದನು. 1922ರ ಅಕ್ಟೋಬರ್ 5ರಂದು ನ್ಯೂಯಾರ್ಕಿನ ಕಾರ್ನೆಗಿ ಸಭಾಂಗಣದಲ್ಲಿ ‘ಶ್ಚೆದ್ರಿಕ್’ ಕೇಳಿಸಿತು. ಆ ವರ್ಷದ ಕೊನೆಯಲ್ಲಿ ಮೆಕ್ಸಿಕೋ ನಗರದ ಗೂಳಿಕಾಳಗದ ಅಂಗಳದಲ್ಲಿ ನೆರೆದು ಕೇಳಿದವರು 30,000ಕ್ಕೂ ಮಿಕ್ಕು. 1924ರಲ್ಲಿ ವೃಂದ ಚದುರಿತು. ಕೋಶಿತ್ಸನು ತಾಯ್ನಾಡಿಗೆ ಮರಳಲಾಗದೆ 1944ರಲ್ಲಿ ಕೆನಡಾದ ವಿನಿಪೆಗ್ಗಿನಲ್ಲಿ ತೀರಿಕೊಂಡನು. ಸ್ತೆತ್ಸೆಂಕೊ 1922ರಲ್ಲೇ ವಿಷಮಜ್ವರಕ್ಕೆ ತುತ್ತಾಗಿದ್ದನು.

ಲೆಯೊಂತೋವಿಚನಿಗೆ ನ್ಯೂಯಾರ್ಕಿನ ಸುದ್ದಿ ತಲಪಲಿಲ್ಲ. 1921ರ ಜನವರಿ 23ರ ಬೆಳಗಿನ ಜಾವ, ಮಾರ್ಕಿವ್ಕ ಎಂಬ ಹಳ್ಳಿಯಲ್ಲಿ ತಂದೆಯ ಮನೆಗೆ ಬಂದಿದ್ದ ಅವನನ್ನು, ರಾತ್ರಿ ತಂಗಲು ಸ್ಥಳ ಬೇಡಿ ಒಳಗೆ ಬಂದ ಅತಿಥಿಯೇ ಗುಂಡಿಕ್ಕಿ ಕೊಂದನು. ಆ ಅತಿಥಿ ಸೋವಿಯತ್ ಗುಪ್ತ ಪೊಲೀಸಿನ ಆಳು. ಆ ಕಡತವು ಸೋವಿಯತ್ ಆಡಳಿತವು ಅಳಿಯುವವರೆಗೆ ಬೆಳಕು ಕಾಣಲಿಲ್ಲ.

ಹಾಡು ಮಾತ್ರ ಅಮೆರಿಕೆಯಲ್ಲಿ ನೆಲೆಯೂರಿತು. 1936ರಲ್ಲಿ ಪೀಟರ್ ವಿಲ್ಹೌಸ್ಕಿ ಎಂಬಾತನು ಅದರ ಧಾಟಿಗೆ ಇಂಗ್ಲಿಷಿನಲ್ಲಿ ಹೊಸ ಮಾತುಗಳನ್ನು ಬರೆದನು. ಹಕ್ಕಿ ಹೋಗಿ ಗಂಟೆಗಳು ಬಂದವು. ವಸಂತ ಹೋಗಿ ಕ್ರಿಸ್ಮಸ್ ಬಂದಿತು. ಪ್ರತಿ ಡಿಸೆಂಬರಿನಲ್ಲಿ ಅದನ್ನು ಗುನುಗುವ ಲಕ್ಷಾಂತರ ಜನರಲ್ಲಿ ಬಹುಮಂದಿ ಅದು ಯಾವ ನಾಡಿನದೆಂದು ಅರಿಯರು. ಒಂದು ನಾಡಿನ ಹೆಸರನ್ನು ತಿಳಿಸಲೆಂದು ಹೊರಟ ಹಾಡು ಆ ಹೆಸರನ್ನೇ ದಾರಿಯಲ್ಲಿ ಕಳೆದುಕೊಂಡಂತಾಯಿತು.

2022ರಲ್ಲಿ ರಷ್ಯಾದ ಸೇನೆ ಯುಕ್ರೇನಿನ ಮೇಲೆ ಏರಿಬಂದಿತು. ಆ ವರ್ಷದ ಡಿಸೆಂಬರ್ 4ರಂದು ಕೀವಿನ ಮಕ್ಕಳ ಗಾಯಕವೃಂದವೊಂದು ಅದೇ ಕಾರ್ನೆಗಿ ಸಭಾಂಗಣದಲ್ಲಿ ನಿಂತು ಆ ಹಾಡನ್ನು ಹಾಡಿತು. ಆ ವೃಂದದ ಹೆಸರೂ ‘ಶ್ಚೆದ್ರಿಕ್’.